ಪಂಜರದ ಪರಮಾಣುವೂ ಉಷ್ಣದ ಪ್ರವಾಹವೂ

ಘನಪದಾರ್ಥಗಳ ಉಷ್ಣವಾಹಕತೆಯ ಅಂಕಿಗಳನ್ನು ಸಾಲಾಗಿ ಬರೆದಿಟ್ಟುಕೊಂಡು ನೋಡಿದವರಿಗೆ ಆಶ್ಚರ್ಯವಾಗದೆ ಇರದು. ಸಾಮಾನ್ಯ ತಾಪದಲ್ಲಿ ವಜ್ರದ ವಾಹಕತೆ ಮೀಟರ್-ಕೆಲ್ವಿನ್ನಿಗೆ ಸುಮಾರು 2000 ವಾಟ್, ಶುದ್ಧ ಸಿಲಿಕಾನ್ ಸ್ಫಟಿಕದ್ದು 150ರ ಆಸುಪಾಸು, ಜರ್ಮೇನಿಯಮ್ಮಿನದು 60, ಸಿಲಿಕಾ ಗಾಜಿನದು ಕೇವಲ 1.4. ಪರಮಾಣುಗಳು ಕ್ರಮವಾಗಿ ಸಾಲುಗೂಡಿ ನಿಂತಿರುವ ಸ್ಫಟಿಕದಲ್ಲಿ ಉಷ್ಣವು ಸುಗಮವಾಗಿ ಹರಿಯುತ್ತದೆಂದೂ, ಅವು ಕ್ರಮಗೆಟ್ಟು ಚೆಲ್ಲಿಬಿದ್ದಿರುವ ಗಾಜಿನಲ್ಲಿ ಅದರ ಗತಿ ಕುಂಠಿತವಾಗುತ್ತದೆಂದೂ ಇದರಿಂದ ಊಹಿಸುವುದು ಸಹಜವಾಗಿದೆ. ಬಹುಕಾಲ ವಿಜ್ಞಾನಿಗಳು ಊಹಿಸಿದ್ದೂ ಹಾಗೆಯೇ. ಆದರೆ ಎಕ್ಸ್-ಕಿರಣಗಳ ಪರೀಕ್ಷೆಯಲ್ಲಿ ಕಿಂಚಿತ್ತೂ ಕ್ರಮಭಂಗವನ್ನು ತೋರದ, ಸರ್ವಾಂಗಸುಂದರವಾದ ಕೆಲವು ಸ್ಫಟಿಕಗಳು ಉಷ್ಣದ ವಿಷಯದಲ್ಲಿ ಮಾತ್ರ ಗಾಜಿನಂತೆಯೇ ವರ್ತಿಸುವುವು. ಅವುಗಳ ಜಾಲಕವು ಪಂಜರಗಳಿಂದ ಕಟ್ಟಲ್ಪಟ್ಟುದು; ಪ್ರತಿ ಪಂಜರದೊಳಗೂ ಬೇರೆ ಜಾತಿಯ ಒಂದು ಪರಮಾಣುವೋ ಅಣುವೋ ಸೆರೆಯಾಗಿದ್ದು, ತನಗೆ ದೊರೆತ ಅವಕಾಶದಲ್ಲಿ ಅತ್ತಿತ್ತ ಓಲಾಡುತ್ತಿರುತ್ತದೆ. ಈ ಸೆರೆಯಾಳಿನ ಓಲಾಟಕ್ಕೂ ಉಷ್ಣದ ಮಂದಗತಿಗೂ ಇರುವ ಸಂಬಂಧವೇನೆಂಬ ವಿಚಾರವು ಕಳೆದ ನಾಲ್ಕು ದಶಕಗಳಿಗಿಂತ ಹೆಚ್ಚು ಕಾಲದಿಂದ ಬೆಳೆದುಬಂದ ಬಗೆಯನ್ನು ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿಷಯದ ಮೂಲವನ್ನರಸಿ ಹೊರಟರೆ ನಾವು ಐನ್‌ಸ್ಟೈನರವರೆಗೆ ಹೋಗಬೇಕಾಗುತ್ತದೆ. 1907ರಲ್ಲಿ ಅವರು ಘನವಸ್ತುಗಳ ವಿಶಿಷ್ಟೋಷ್ಣವು ತಾಪ ಇಳಿದಂತೆಲ್ಲ ಏಕೆ ಕುಗ್ಗುತ್ತದೆಂಬುದನ್ನು ವಿವರಿಸಲು, ಪ್ರತಿಯೊಂದು ಪರಮಾಣುವೂ ತನ್ನ ಸ್ಥಾನದಲ್ಲಿ ಒಂದೇ ನಿಯತವಾದ ಆವೃತ್ತಿಯಿಂದ, ನೆರೆಯವುಗಳ ಹಂಗಿಲ್ಲದೆ ಕಂಪಿಸುತ್ತದೆಂಬ ಕಲ್ಪನೆಯನ್ನು ಮಾಡಿಕೊಂಡರು. ಅದೇ ಕಲ್ಪನೆಯನ್ನು 1911ರಲ್ಲಿ ಉಷ್ಣವಹನಕ್ಕೆ ಅನ್ವಯಿಸಿ, ಒಂದು ಪರಮಾಣುವಿನ ಕಂಪನಶಕ್ತಿಯು ಪಕ್ಕದ ಪರಮಾಣುವಿಗೆ, ಅಲ್ಲಿಂದ ಅದರಾಚೆಯದಕ್ಕೆ, ಯಾವ ಹೊಂದಾಣಿಕೆಯೂ ಇಲ್ಲದೆ ಯದೃಚ್ಛೆಯಾಗಿ ಹಾಯುತ್ತದೆಂದು ಗಣಿಸಿ ನೋಡಿದಾಗ, ದೊರೆತ ಉತ್ತರವು ಸ್ಫಟಿಕಗಳಲ್ಲಿ ಅಳೆದು ಕಂಡ ವಾಹಕತೆಗಿಂತ ಬಹುಪಾಲು ಕಡಿಮೆಯಾಗಿದ್ದಿತು. ಸಾಲದುದಕ್ಕೆ, ಅದೇ ವರ್ಷ ಆರ್ನಾಲ್ಡ್ ಆಯ್ಕನ್ ಪ್ರಕಟಿಸಿದ ಅಳತೆಗಳಲ್ಲಿ ಸ್ಫಟಿಕಗಳ ವಾಹಕತೆಯು ತಾಪ ಇಳಿದಂತೆ ಏರುತ್ತ ಹೋಗುವುದೂ, ಗಾಜಿನದು ಅದಕ್ಕೆ ವಿರುದ್ಧವಾಗಿ ಇಳಿಯುತ್ತ ಹೋಗುವುದೂ ವ್ಯಕ್ತವಾಗಿದ್ದಿತು. ಐನ್‌ಸ್ಟೈನರ ಲೆಕ್ಕಕ್ಕೆ ಸ್ಫಟಿಕದ ಈ ಏರಿಕೆ ನಿಲುಕಲೇ ಇಲ್ಲ. ಲೆಕ್ಕವು ಸೋತಿತೆಂದು ಅದನ್ನು ಬದಿಗಿಟ್ಟರು. ಅದು ಸೋತದ್ದು ಸ್ಫಟಿಕದ ವಿಷಯದಲ್ಲಿ ಮಾತ್ರವೆಂಬುದು ಗೊತ್ತಾಗಲು ಮುಕ್ಕಾಲು ಶತಮಾನವೇ ಬೇಕಾಯಿತು.

ಮರುವರ್ಷವೇ ಡಿಬೈ ಒಂದು ಕಡೆಯಲ್ಲಿ, ಬಾರ್ನ್ ಮತ್ತು ಫಾನ್ ಕಾರ್ಮಾನ್ ಇನ್ನೊಂದು ಕಡೆಯಲ್ಲಿ, ಪರಮಾಣುಗಳು ಒಂಟಿಯಾಗಿ ಕಂಪಿಸುವುದಿಲ್ಲವೆಂದೂ ಜಾಲಕವೆಲ್ಲವೂ ಒಡಗೂಡಿ ತರಂಗಗಳ ರೂಪದಲ್ಲಿ ಚಲಿಸುತ್ತದೆಂದೂ ತೋರಿಸಿಕೊಟ್ಟರು. ಈ ತರಂಗಗಳ ಶಕ್ತಿಯ ಪೊಟ್ಟಣಗಳನ್ನೇ ಮುಂದೆ ಫೋನಾನ್‌ಗಳೆಂದು ಕರೆಯುವ ವಾಡಿಕೆ ಬಂದಿತು. 1929ರಲ್ಲಿ ಪೈಯರ್ಲ್ಸ್ ಎಂಬ ತರುಣ ವಿದ್ವಾಂಸರು, ಫೋನಾನ್‌ಗಳು ತಮ್ಮತಮ್ಮಲ್ಲೇ ಸಂಘರ್ಷಿಸಿ ಉಷ್ಣದ ಪ್ರವಾಹಕ್ಕೆ ತಡೆಯೊಡ್ಡುವ ಕ್ರಮವನ್ನು ಗಣಿತಪೂರ್ವಕವಾಗಿ ನಿರೂಪಿಸಿದ ಮೇಲೆ, ಸ್ಫಟಿಕದ ಉಷ್ಣವಹನಕ್ಕೆ ಭದ್ರವಾದ ತಳಹದಿ ದೊರೆಯಿತು. ಈ ಸಿದ್ಧಾಂತದ ಪ್ರಕಾರ ವಾಹಕತೆಯನ್ನು ನಿರ್ಣಯಿಸುವ ಅಂಶಗಳು ಮೂರು: ಕಂಪನಗಳು ಹೊರಬಲ್ಲ ಉಷ್ಣದ ಪ್ರಮಾಣ, ಅವು ಸಾಗುವ ವೇಗ, ಮತ್ತು ಒಂದು ಸಂಘರ್ಷದಿಂದ ಮತ್ತೊಂದಕ್ಕೆ ಅವು ನಿರಾತಂಕವಾಗಿ ಬಾಳುವ ಅವಧಿ. ವಾಚಕರು ಈ ಮೂರನ್ನು, ಅದರಲ್ಲಿಯೂ ಕೊನೆಯ ಎರಡನ್ನು, ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದೆ ಬರುವ ವಾದವಿವಾದವೆಲ್ಲವೂ ಸೆರೆಯ ಪರಮಾಣು ಇವುಗಳಲ್ಲಿ ಯಾವುದನ್ನು ಕುಗ್ಗಿಸುತ್ತದೆಂಬುದರ ಸುತ್ತಲೇ ತಿರುಗುತ್ತದೆ.

ಇಲ್ಲಿ ಬೆಂಗಳೂರಿನ ಒಂದು ಅಧ್ಯಾಯವನ್ನು ಸ್ಮರಿಸದೆ ಮುಂದುವರಿಯುವುದು ತರವಲ್ಲ. ಸರ್ ಸಿ. ವಿ. ರಾಮನ್‌ರ ಆಹ್ವಾನದ ಮೇರೆಗೆ ಮ್ಯಾಕ್ಸ್ ಬಾರ್ನ್ 1935-36ರಲ್ಲಿ ಕೆಲವು ತಿಂಗಳು ಭಾರತೀಯ ವಿಜ್ಞಾನ ಮಂದಿರದಲ್ಲಿದ್ದು ಉಪನ್ಯಾಸಗಳನ್ನಿತ್ತರು. ಆದರೆ 1940ರ ದಶಕದಲ್ಲಿ ಅದೇ ಇಬ್ಬರು ಮಹನೀಯರು ಜಾಲಕದ ಕಂಪನಗಳ ಸ್ವರೂಪವನ್ನು ಕುರಿತು ತೀವ್ರವಾದ ವಿವಾದಕ್ಕಿಳಿದರು. ವಜ್ರದ ವರ್ಣಪಟಲಗಳನ್ನು ವರ್ಷಗಟ್ಟಲೆ ಪರಿಶೀಲಿಸಿದ್ದ ರಾಮನ್, ಸ್ಫಟಿಕದ ಕಂಪನಗಳು ಪರಿಮಿತ ಸಂಖ್ಯೆಯ ನಿಯತವಾದ ಆವೃತ್ತಿಗಳಿಂದ ಕೂಡಿದವೇ ಹೊರತು ಬಾರ್ನ್ ಹೇಳುವಂತೆ ಅವಿಚ್ಛಿನ್ನವಾದ ಶ್ರೇಣಿಯಲ್ಲವೆಂದು ಪಟ್ಟುಹಿಡಿದು ವಾದಿಸಿದರು. ಡಿಬೈಯವರ ಚಿತ್ರಕ್ಕಿಂತ ಐನ್‌ಸ್ಟೈನರ ಮೊದಲ ಚಿತ್ರವೇ ಅವರ ಮನಸ್ಸಿಗೆ ಹತ್ತಿರವಾಗಿದ್ದಿತು. ಕೆನಡಾದ ಚಾಕ್ ರಿವರಿನಲ್ಲಿ ಬ್ರಾಕ್‌ಹೌಸ್ 1950ರ ದಶಕದಲ್ಲಿ ನ್ಯೂಟ್ರಾನುಗಳ ಚದರಿಕೆಯಿಂದ ಜಾಲಕತರಂಗಗಳನ್ನು ನೇರವಾಗಿ ಅಳೆದು ತೋರಿಸಿದಾಗ ತೀರ್ಪು ಬಾರ್ನರ ಪಕ್ಷಕ್ಕೆ ದಕ್ಕಿತು. ಹಾಗಾದರೂ ನಿಯತ ಆವೃತ್ತಿಯ ಸ್ಥಾನಿಕ ಕಂಪನವೆಂಬ ಭಾವನೆಯು ಸತ್ತುಹೋಗಲಿಲ್ಲ. ಪಂಜರದ ಸ್ಫಟಿಕಗಳಲ್ಲಿ ಅದಕ್ಕೆ ಹೊಸದೊಂದು ನೆಲೆ ಸಿಕ್ಕಿತು.

ಪಂಜರಗಳ ಕಥೆ ಆರಂಭವಾಗುವುದು ನೀರಿನಿಂದ. ಹಂಫ್ರಿ ಡೇವಿ 1811ರಲ್ಲಿ, ಕ್ಲೋರಿನ್ ಅನಿಲದ ಜಲದ್ರಾವಣವನ್ನು ತಣಿಸಿದರೆ ನೀರು ಹೆಪ್ಪುಗಟ್ಟುವುದಕ್ಕಿಂತ ಮೊದಲೇ ಒಂದು ಘನವಸ್ತು ಮೈದೋರುತ್ತದೆಂದು ವರದಿಮಾಡಿದರು. 1823ರಲ್ಲಿ ಅವರ ಶಿಷ್ಯ ಫ್ಯಾರಡೆ ಅದರ ಘಟಕಾಂಶಗಳ ಪ್ರಮಾಣವನ್ನು ಅಳೆದರು. ಯಾವ ರಾಸಾಯನಿಕ ಬಂಧವೂ ಇಲ್ಲದೆ ಅನಿಲವು ಹಿಮದೊಳಗೆ ಹೇಗೆ ನಿಂತಿತೆಂಬುದು ಮಾತ್ರ ನೂರಕ್ಕೂ ಹೆಚ್ಚು ವರ್ಷ ಒಗಟಾಗಿಯೇ ಉಳಿಯಿತು. 1934ರಲ್ಲಿ ಹ್ಯಾಮರ್‌ಸ್ಮಿಟ್ ಎಂಬ ಅಮೆರಿಕದ ರಸಾಯನವಿಜ್ಞಾನಿ, ಚಳಿಗಾಲದಲ್ಲಿ ನೈಸರ್ಗಿಕ ಅನಿಲದ ಕೊಳವೆಗಳು ಕಟ್ಟಿಕೊಳ್ಳುವುದು ಬರಿಯ ಮಂಜುಗಡ್ಡೆಯಿಂದಲ್ಲ, ಇಂತಹ ಹೈಡ್ರೇಟುಗಳಿಂದ ಎಂದು ತೋರಿಸಿದಾಗ, ಪ್ರಯೋಗಶಾಲೆಯ ಕುತೂಹಲವು ಕೈಗಾರಿಕೆಯ ಕಾಟವಾಗಿ ಪರಿಣಮಿಸಿತು. 1948ರಲ್ಲಿ ಆಕ್ಸ್‌ಫರ್ಡಿನ ಪೊವೆಲ್ ಇಂತಹ ಸೆರೆಬಂಧದ ಸಂಯುಕ್ತಗಳಿಗೆಲ್ಲ ಕ್ಲಾಥ್ರೇಟ್ ಎಂಬ ಹೆಸರಿಟ್ಟರು. ತರುವಾಯದ ಐದಾರು ವರ್ಷಗಳಲ್ಲಿ ಫಾನ್ ಸ್ಟಾಕೆಲ್‌ಬರ್ಗ್, ಕ್ಲಾಸನ್, ಪೌಲಿಂಗ್ ಮೊದಲಾದವರ ಶ್ರಮದಿಂದ ಹೈಡ್ರೇಟುಗಳ ಆಂತರಿಕ ರಚನೆಯು ಬಯಲಾಯಿತು.

ಆ ರಚನೆಯನ್ನು ತುಸು ಹತ್ತಿರದಿಂದ ನೋಡುವುದು ಆವಶ್ಯಕ. ಒಂದನೆಯ ಬಗೆಯ ಕ್ಲಾಥ್ರೇಟಿನ ಒಂದು ಘನಾಕೃತಿಯ ಕೋಶದಲ್ಲಿ ನೀರಿನ 46 ಅಣುಗಳಿರುತ್ತವೆ. ಇವು ಒಂದಕ್ಕೊಂದು ಕೈಹಿಡಿದು ಎರಡು ಸಣ್ಣ ಪಂಜರಗಳನ್ನೂ ಆರು ದೊಡ್ಡ ಪಂಜರಗಳನ್ನೂ ನಿರ್ಮಿಸುತ್ತವೆ. ಸಣ್ಣದಕ್ಕೆ ಹನ್ನೆರಡು ಪಂಚಕೋನದ ಮುಖಗಳು, ಇಪ್ಪತ್ತು ಮೂಲೆಗಳು. ದೊಡ್ಡದಕ್ಕೆ ಹನ್ನೆರಡು ಪಂಚಕೋನಗಳ ಜೊತೆಗೆ ಎದುರುಬದುರಾಗಿ ಎರಡು ಷಟ್ಕೋನಗಳು, ಇಪ್ಪತ್ತನಾಲ್ಕು ಮೂಲೆಗಳು. ಎಂಟು ಪಂಜರಗಳಿಗೆ ಎಂಟು ಅತಿಥಿಗಳು. ಪಂಚಕೋನಗಳು ತಾವಾಗಿಯೇ ಆಕಾಶವನ್ನು ತುಂಬಲಾರವಾದುದರಿಂದ ಷಟ್ಕೋನಗಳು ಬಂದು ನೆರವಾಗುವ ಈ ಜ್ಯಾಮಿತಿಯಲ್ಲಿ ಒಂದು ಅನಿವಾರ್ಯವಾದ ಸೊಬಗಿದೆ. ದೊಡ್ಡ ಪಂಜರವು ಷಟ್ಕೋನಗಳ ದಿಕ್ಕಿನಲ್ಲಿ ಒತ್ತಿದಂತೆ ಚಪ್ಪಟೆಯಾಗಿರುವುದರಿಂದ, ಅದರ ಮಧ್ಯದ ತಳದಲ್ಲಿ ಅತಿಥಿಗೆ ಹೆಚ್ಚು ಸ್ಥಳಾವಕಾಶ ದೊರೆಯುತ್ತದೆ. ಅದರ ಓಲಾಟವು ಪ್ರಧಾನವಾಗಿ ಆ ತಳದಲ್ಲಿಯೇ ನಡೆಯುತ್ತದೆ.

ಈ ಹಿಮಪಂಜರಗಳ ಉಷ್ಣವಾಹಕತೆಯನ್ನು ಅಳೆಯುವ ಪ್ರಯತ್ನವು 1970ರ ದಶಕದ ಕೊನೆಯವರೆಗೂ ನಡೆದಿರಲಿಲ್ಲವೆಂದೇ ಹೇಳಬೇಕು. ಹೈಡ್ರೇಟು ಹೇಗೂ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಆದುದರಿಂದ ಅದರ ವಾಹಕತೆಯೂ ಮಂಜುಗಡ್ಡೆಯದರಂತೆಯೇ ಇರಬೇಕೆಂದು ಎಲ್ಲರೂ ಭಾವಿಸಿದ್ದರು. 1979ರಲ್ಲಿ ಸ್ಟಾಲ್ ಮತ್ತು ಬ್ರಯನ್ ಪ್ರೊಪೇನ್ ಹೈಡ್ರೇಟನ್ನು ಅಳೆದು ಅದು ಮಂಜುಗಡ್ಡೆಗಿಂತ ಎಷ್ಟೋ ಮಂದವಾಹಕವೆಂದು ಕಂಡರು. ಮಂಜುಗಡ್ಡೆಯದು ಶೂನ್ಯ ಡಿಗ್ರಿಯ ಬಳಿ ಸುಮಾರು 2.2 ವಾಟ್ ಆದರೆ ಹೈಡ್ರೇಟುಗಳದು ಅರ್ಧ ವಾಟಿನ ಆಸುಪಾಸು. 1981ರಲ್ಲಿ ರಾಸ್, ಆಂಡರ್ಸನ್ ಮತ್ತು ಬಾಕ್‌ಸ್ಟ್ರೋಮ್ ಸ್ವೀಡನ್ನಿನಲ್ಲಿ ಟೆಟ್ರಹೈಡ್ರೊಫ್ಯುರಾನ್ ಎಂಬ ದ್ರವದ ಹೈಡ್ರೇಟನ್ನು ಪರೀಕ್ಷಿಸಿ ಇನ್ನೂ ವಿಚಿತ್ರವಾದ ಸಂಗತಿಯನ್ನು ವರದಿಮಾಡಿದರು: ತಾಪ ಏರಿದಂತೆ ಇದರ ವಾಹಕತೆ ಇಳಿಯುವುದರ ಬದಲು ಮೆಲ್ಲಗೆ ಏರುತ್ತದೆ. ಇದು ಆಯ್ಕನ್‌ರ ಗಾಜಿನ ಲಕ್ಷಣವೇ ಹೊರತು ಸ್ಫಟಿಕದ್ದಲ್ಲ. 1988ರಲ್ಲಿ ಕೆನಡಾದ ಟ್ಸೆ ಮತ್ತು ವೈಟ್ ಇದೇ ವಸ್ತುವನ್ನು ಅತಿಶೀತದವರೆಗೆ ಅಳೆದು, ಅತಿಥಿಯ ಸ್ಥಾನಿಕ ಕಂಪನದ ಆವೃತ್ತಿಯು ಜಾಲಕದ ಶಬ್ದತರಂಗಗಳ ಆವೃತ್ತಿಗೆ ಸರಿಹೊಂದುವ ಕಡೆಯಲ್ಲಿ ಎರಡೂ ಅನುರಣಿಸಿ, ತರಂಗದ ಶಕ್ತಿಯನ್ನು ಅತಿಥಿಯು ಹೀರಿಕೊಂಡು ದಿಕ್ಕುಗೆಡಿಸುತ್ತದೆಂಬ ವಿವರಣೆಯನ್ನಿತ್ತರು. ಪಂಜರದ ಪರಮಾಣುವಿನ ಚಲನೆಗೂ ಉಷ್ಣದ ಗತಿಗೂ ಖಚಿತವಾದ ನಂಟನ್ನು ಕಲ್ಪಿಸಿದ ಆದ್ಯ ಪ್ರಯತ್ನವೆಂದು ಇದನ್ನು ಗೌರವಿಸತಕ್ಕದ್ದು. ಈ ಜ್ಞಾನವು ಕೇವಲ ತಾತ್ವಿಕವಾದುದಲ್ಲ: ನಮ್ಮ ಪೂರ್ವತೀರದ ಕೃಷ್ಣಾ-ಗೋದಾವರಿ ತಗ್ಗಿನ ಸಮುದ್ರತಳದಲ್ಲಿ 2006ರ ರಾಷ್ಟ್ರೀಯ ಶೋಧಯಾತ್ರೆಯು ಮೀಥೇನ್ ಹೈಡ್ರೇಟಿನ ದಪ್ಪ ನಿಕ್ಷೇಪಗಳನ್ನು ಕಂಡುಹಿಡಿಯಿತು, ಅಂತಹ ನಿಕ್ಷೇಪವನ್ನು ಕಾಯಿಸಿ ಅನಿಲವನ್ನು ಬಿಡಿಸಬೇಕೆನ್ನುವವರು ಅದರೊಳಗೆ ಉಷ್ಣವು ಎಷ್ಟು ನಿಧಾನವಾಗಿ ಹಬ್ಬುತ್ತದೆಂಬುದನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಈ ನಡುವೆ ಗಾಜಿನ ಅಧ್ಯಯನವೂ ಬೇರೊಂದು ದಾರಿಯಲ್ಲಿ ಸಾಗಿ ಇದೇ ಸ್ಥಳಕ್ಕೆ ಬಂದು ಸೇರಿತು. ಕಾರ್ನೆಲ್ ವಿಶ್ವವಿದ್ಯಾನಿಲಯದ ರಾಬರ್ಟ್ ಪೋಲ್ 1962ರಲ್ಲಿಯೇ, ಪೊಟ್ಯಾಸಿಯಂ ಕ್ಲೋರೈಡಿನ ಸ್ಫಟಿಕದಲ್ಲಿ ಅಲ್ಲೊಂದು ಇಲ್ಲೊಂದು ನೈಟ್ರೈಟ್ ಅಯಾನನ್ನು ಬೆರೆಸಿದರೆ ಕೆಲವು ನಿಯತ ಆವೃತ್ತಿಯ ತರಂಗಗಳು ಮಾತ್ರ ಬಲವಾಗಿ ಚದರುತ್ತವೆಂದು ತೋರಿಸಿದ್ದರು. 1971ರಲ್ಲಿ ಅವರು ಜೆಲ್ಲರ್‌ರೊಡನೆ ಕೂಡಿ, ಗಾಜುಗಳೆಲ್ಲವೂ ಅವುಗಳ ರಾಸಾಯನಿಕ ಸ್ವರೂಪ ಏನೇ ಆಗಿದ್ದರೂ ಉಷ್ಣವಹನದಲ್ಲಿ ಒಂದೇ ಬಗೆಯ ಚರ್ಯೆಯನ್ನು ತೋರುತ್ತವೆಂಬ ಗಮನಾರ್ಹ ಸಂಗತಿಯನ್ನು ಪ್ರಕಟಿಸಿದರು: 1 ಕೆಲ್ವಿನ್ನಿಗಿಂತ ಕೆಳಗೆ ವಾಹಕತೆಯು ತಾಪದ ವರ್ಗಕ್ಕೆ ಸರಿಸುಮಾರಾಗಿ ಏರುತ್ತದೆ, 10 ಕೆಲ್ವಿನ್ನಿನ ಸುತ್ತ ಸಮತಟ್ಟಾಗುತ್ತದೆ, ತರುವಾಯ ಮತ್ತೆ ನಿಧಾನವಾಗಿ ಏರುತ್ತದೆ. 1980ರ ದಶಕದ ಕೊನೆಯಲ್ಲಿ ಪೋಲರೂ ಅವರ ಶಿಷ್ಯ ಕೇಹಿಲರೂ, ಮೂಲೆಗುಂಪಾಗಿದ್ದ ಐನ್‌ಸ್ಟೈನರ 1911ರ ಲೆಕ್ಕವನ್ನು ಹೊರತೆಗೆದು ಹೋಲಿಸಿ ನೋಡಿದರೆ, ಅದು ಸಾಮಾನ್ಯ ತಾಪದಲ್ಲಿ ಗಾಜಿನ ವಾಹಕತೆಯನ್ನು ಬಹುಮಟ್ಟಿಗೆ ಸರಿಯಾಗಿ ಹೇಳುತ್ತಿದ್ದಿತು. ನೆರೆಯಿಂದ ನೆರೆಗೆ ಯದೃಚ್ಛೆಯಾಗಿ ಹಾಯುವ ಶಕ್ತಿಯ ಚಿತ್ರವು ಸ್ಫಟಿಕಕ್ಕೆ ಸಲ್ಲದಿದ್ದರೂ, ಯಾವ ಘನವಸ್ತುವೂ ಇಳಿಯಬಹುದಾದ ವಾಹಕತೆಯ ಕೆಳಮಿತಿಯನ್ನು ಅದು ಸೂಚಿಸುತ್ತಿದ್ದಿತು. ಇತಿಹಾಸದಲ್ಲಿ ಇಂತಹ ಪುನರುತ್ಥಾನಗಳು ವಿರಳ, ಮತ್ತು ಹೃದ್ಯವಾದವು.

ಪಂಜರದ ಸ್ಫಟಿಕವನ್ನೂ ಗಾಜಿನ ಕೆಳಮಿತಿಯನ್ನೂ ಕೂಡಿಸಿ ಒಂದು ಕಾರ್ಯಕ್ರಮವನ್ನಾಗಿ ಮಾಡಿದವರು ಗ್ಲೆನ್ ಸ್ಲಾಕ್. ಅವರು ಅಮೆರಿಕದ ಸ್ಕೆನೆಕ್ಟಡಿಯಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ದಶಕಗಳ ಕಾಲ ಸ್ಫಟಿಕಗಳ ಉಷ್ಣವಾಹಕತೆಯನ್ನು ಅಳೆದವರು. ಅವರ ಮುಂದಿದ್ದುದು ಉಷ್ಣವನ್ನು ನೇರವಾಗಿ ವಿದ್ಯುತ್ತಾಗಿ ಮಾರ್ಪಡಿಸುವ ವಸ್ತುಗಳ ಸಮಸ್ಯೆ. ಇಂತಹ ವಸ್ತುವಿನ ಒಂದು ತುದಿ ಬಿಸಿಯಾಗಿಯೂ ಇನ್ನೊಂದು ತಣ್ಣಗಾಗಿಯೂ ಉಳಿಯಬೇಕಾದುದರಿಂದ ಅದು ಉಷ್ಣಕ್ಕೆ ದುರ್ವಾಹಕವಾಗಿರಬೇಕು; ಉತ್ಪನ್ನವಾದ ವಿದ್ಯುತ್ತು ಸುಲಭವಾಗಿ ಹೊರಬರಬೇಕಾದುದರಿಂದ ವಿದ್ಯುತ್ತಿಗೆ ಸುವಾಹಕವಾಗಿರಬೇಕು. ಗಾಜು ಮೊದಲನೆಯದನ್ನು ಒದಗಿಸಿದರೆ ಎರಡನೆಯದನ್ನು ಕೆಡಿಸುತ್ತದೆ. ಒಳ್ಳೆಯ ಸ್ಫಟಿಕವು ಎರಡನೆಯದನ್ನು ಒದಗಿಸಿದರೆ ಮೊದಲನೆಯದನ್ನು. ಫೋನಾನ್‌ಗಳ ಪಾಲಿಗೆ ಗಾಜಾಗಿಯೂ ಇಲೆಕ್ಟ್ರಾನ್‌ಗಳ ಪಾಲಿಗೆ ಸ್ಫಟಿಕವಾಗಿಯೂ ಇರುವ ಪದಾರ್ಥವು ಬೇಕೆಂದೂ, ಕಟ್ಟು ಸಡಿಲವಾಗಿರುವ ಅತಿಥಿಯನ್ನು ಹೊತ್ತ ಪಂಜರದ ಅರೆವಾಹಕಗಳಲ್ಲಿ ಅದನ್ನು ಅರಸಬೇಕೆಂದೂ ಸ್ಲಾಕ್ 1995ರಲ್ಲಿ ಪ್ರಕಟವಾದ ಕೈಪಿಡಿಯೊಂದರ ಅಧ್ಯಾಯದಲ್ಲಿ ಪ್ರತಿಪಾದಿಸಿದರು. ವಿದ್ಯುತ್ತು ಪಂಜರದ ಸರಳುಗಳ ಮೂಲಕ ಹರಿಯಲಿ, ಉಷ್ಣವನ್ನು ಒಳಗಿನ ಸೆರೆಯಾಳು ತಡೆಯಲಿ ಎಂಬ ಈ ಶ್ರಮವಿಭಾಗವು ಸಾಹಸದ ಆಲೋಚನೆ. ಮುಂದಿನ ಇಪ್ಪತ್ತು ವರ್ಷಗಳ ಸಂಶೋಧನೆಗೆ ಅದೇ ದಿಕ್ಸೂಚಿಯಾಯಿತು.

ಅಂತಹ ಅರೆವಾಹಕಗಳು ಆಗಲೇ ಸಿದ್ಧವಾಗಿದ್ದುವು. 1965ರಲ್ಲಿ ಸ್ಕೆನೆಕ್ಟಡಿಯ ಕಾಸ್ಪರ್, ಫ್ರಾನ್ಸಿನ ಬೋರ್ಡೋ ನಗರದ ಹಾಗೆನ್‌ಮ್ಯುಲರ್, ಪೂಶಾರ್ ಮತ್ತು ಕ್ರೋ ಇವರೊಡಗೂಡಿ, ಸೋಡಿಯಂ ಮತ್ತು ಸಿಲಿಕಾನ್‌ಗಳ ಸಂಯುಕ್ತವೊಂದರಲ್ಲಿ ನೀರಿನ 46 ಅಣುಗಳಿದ್ದ ಸ್ಥಳಗಳಲ್ಲಿಯೇ ಸಿಲಿಕಾನಿನ 46 ಪರಮಾಣುಗಳು ನಿಂತಿರುವುದನ್ನೂ ಪಂಜರಗಳಲ್ಲಿ ಸೋಡಿಯಂ ಸೆರೆಯಾಗಿರುವುದನ್ನೂ ಕಂಡಿದ್ದರು. 1986ರಲ್ಲಿ ಜರ್ಮನಿಯ ಐಸೆನ್‌ಮಾನ್, ಶೇಫರ್ ಮತ್ತು ಜಾಗ್ಲರ್ ಬೇರಿಯಂ, ಸ್ಟ್ರಾನ್ಷಿಯಂಗಳನ್ನು ಗ್ಯಾಲಿಯಂ-ಜರ್ಮೇನಿಯಂಗಳ ಪಂಜರದಲ್ಲಿಟ್ಟು ಇಂತಹ ಇನ್ನಷ್ಟು ಸ್ಫಟಿಕಗಳನ್ನು ತಯಾರಿಸಿದ್ದರು. ಉಷ್ಣದ ವಿಚಾರ ಅವರಾರ ಮನಸ್ಸಿನಲ್ಲಿಯೂ ಇರಲಿಲ್ಲ.

ಇನ್ನೊಂದು ಮನೆತನದ ಪಂಜರಗಳೂ ಇದ್ದುವು. ನಾರ್ವೆಯ ಸ್ಕುಟರುಡ್ ಎಂಬ ಊರಿನ ಗಣಿಗಳಿಂದ ನೀಲಿ ಬಣ್ಣದ ತಯಾರಿಕೆಗಾಗಿ ಕೋಬಾಲ್ಟ್ ಅದಿರನ್ನು ತೆಗೆಯುತ್ತಿದ್ದರು. ಅಲ್ಲಿಯ ಖನಿಜವೊಂದಕ್ಕೆ ಊರಿನಿಂದಲೇ ಸ್ಕುಟರುಡೈಟ್ ಎಂಬ ಹೆಸರು ನಿಂತು, 1928ರಲ್ಲಿ ಓಫ್ಟೆಡಾಲ್ ಅದರ ರಚನೆಯನ್ನು ನಿರ್ಧರಿಸಿದರು. ಅದರ ಕೋಶವೊಂದರಲ್ಲಿ ಎರಡು ವಿಶಾಲವಾದ ಬರಿದು ತಾಣಗಳಿದ್ದುವು. 1977ರಲ್ಲಿ ಯೈಚ್‌ಕೋ ಮತ್ತು ಬ್ರೌನ್ ಅವುಗಳಲ್ಲಿ ಲ್ಯಾಂಥನಮನ್ನು ತುಂಬಿಸಿದರು. 1996ರಲ್ಲಿ ಓಕ್ ರಿಡ್ಜಿನ ಸೇಲ್ಸ್, ಮ್ಯಾಂಡ್ರಸ್ ಮತ್ತು ವಿಲಿಯಮ್ಸ್, ಆಂಟಿಮನಿಯ ಇಂತಹ ತುಂಬಿದ ಸ್ಫಟಿಕಗಳಲ್ಲಿ ಉಷ್ಣದ ಹರಿವು ಬಹಳವಾಗಿ ಕುಗ್ಗಿ, ಉಷ್ಣವಿದ್ಯುತ್ತಿನ ಅರ್ಹತಾಂಕವು 800 ಕೆಲ್ವಿನ್ನಿನಲ್ಲಿ ಒಂದರ ಆಸುಪಾಸಿಗೆ ಏರುತ್ತದೆಂದು ಪ್ರಕಟಿಸಿದಾಗ ಸ್ಲಾಕರ ಮಾತಿಗೆ ಬೆಂಬಲ ದೊರೆಯಿತು. 2011ರಲ್ಲಿ ಬೇರಿಯಂ, ಲ್ಯಾಂಥನಮ್, ಇಟರ್ಬಿಯಂ ಮೂರನ್ನೂ ಒಟ್ಟಿಗೆ ತುಂಬಿದ ಸ್ಫಟಿಕದಲ್ಲಿ ಇದೇ ಅಂಕವು 1.7ರವರೆಗೆ ಏರಿತೆಂದಷ್ಟೇ ಹೇಳಿ, ಈ ಶಾಖೆಯನ್ನು ಇಲ್ಲಿಗೆ ಬಿಡುತ್ತೇನೆ. ತಾತ್ವಿಕ ಸ್ವಾರಸ್ಯವು ಕ್ಲಾಥ್ರೇಟುಗಳಲ್ಲಿಯೇ ಹೆಚ್ಚಾಗಿರುವುದು.

1998ರಲ್ಲಿ ನೋಲಾಸ್, ಕೋನ್, ಸ್ಲಾಕ್ ಮತ್ತು ಶುಜ್‌ಮಾನ್ ಸ್ಟ್ರಾನ್ಷಿಯಂ-ಗ್ಯಾಲಿಯಂ-ಜರ್ಮೇನಿಯಂ ಕ್ಲಾಥ್ರೇಟಿನ ವಾಹಕತೆಯನ್ನು ಅತಿಶೀತದಿಂದ ಸಾಮಾನ್ಯ ತಾಪದವರೆಗೆ ಅಳೆದರು. ಅವರು ಬರೆದ ವಕ್ರರೇಖೆಯನ್ನು ಗಮನವಿಟ್ಟು ನೋಡಬೇಕು. 1 ಕೆಲ್ವಿನ್ನಿಗಿಂತ ಕೆಳಗೆ ಅದು ಗಾಜಿನಂತೆ ತಾಪದ ವರ್ಗವನ್ನನುಸರಿಸಿ ಏರುತ್ತದೆ. 4ರಿಂದ 35 ಕೆಲ್ವಿನ್ನುಗಳ ನಡುವೆ, ಗಾಜಿನಲ್ಲಿ ಬರಿಯ ಸಮತಟ್ಟು ಇರುವ ಕಡೆ, ಇಲ್ಲಿ ಸ್ಪಷ್ಟವಾದ ಒಂದು ತಗ್ಗು ಕಾಣುತ್ತದೆ: ಯಾವುದೋ ನಿಯತ ಆವೃತ್ತಿಯ ಕಂಪನವು ಅದೇ ಆವೃತ್ತಿಯ ತರಂಗಗಳನ್ನು ಆರಿಸಿ ಆರಿಸಿ ತಡೆಯುತ್ತಿದೆಯೆಂಬುದರ ಗುರುತು. ಅಲ್ಲಿಂದಾಚೆಗೆ ಸಾಮಾನ್ಯ ತಾಪವನ್ನು ಮುಟ್ಟುವ ಹೊತ್ತಿಗೆ ವಾಹಕತೆಯು ಸಿಲಿಕಾ ಗಾಜಿನದಕ್ಕಿಂತ ಕೆಳಗೇ ಉಳಿದು, ಸ್ಫಟಿಕರೂಪವಿಲ್ಲದ ಜರ್ಮೇನಿಯಮ್ಮಿನ ಹತ್ತಿರಕ್ಕೆ ಬರುತ್ತದೆ. ಶುದ್ಧ ಜರ್ಮೇನಿಯಂ ಸ್ಫಟಿಕದ 60 ವಾಟನ್ನು ಜ್ಞಾಪಿಸಿಕೊಂಡರೆ ಇದರ ಅಗಾಧತೆ ಅರಿವಾಗುವುದು. ಹೀಗಿದ್ದೂ ಇದು ಕ್ರಮಬದ್ಧವಾದ ಸ್ಫಟಿಕವೇ. ಅದರಲ್ಲಿ ಇಲೆಕ್ಟ್ರಾನ್‌ಗಳು ಸಲೀಸಾಗಿ ಚಲಿಸುತ್ತಿದ್ದುವೆಂಬುದನ್ನೂ ಮರುವರ್ಷ ಅದೇ ಗುಂಪಿನವರು ಒತ್ತಿಹೇಳಿದರು.

2001ರಲ್ಲಿ ಸೇಲ್ಸ್ ಮತ್ತು ಸಂಗಡಿಗರು ಒಂದೇ ಬಗೆಯ ಪಂಜರದಲ್ಲಿ ಬೇರಿಯಂ, ಸ್ಟ್ರಾನ್ಷಿಯಂ, ಯುರೋಪಿಯಂ ಈ ಮೂರು ಅತಿಥಿಗಳನ್ನು ಬೇರೆಬೇರೆಯಾಗಿಟ್ಟು ಒಂಟಿ ಸ್ಫಟಿಕಗಳನ್ನು ಬೆಳೆಸಿ ಪರೀಕ್ಷಿಸಿದುದು ಈ ಕ್ಷೇತ್ರದ ಅತ್ಯಂತ ವಿವೇಚನಾಯುಕ್ತ ಪ್ರಯೋಗಗಳಲ್ಲೊಂದು. ದೊಡ್ಡ ಗಾತ್ರದ ಬೇರಿಯಂ ಪಂಜರದ ನಟ್ಟನಡುವೆ ನಿಲ್ಲುತ್ತದೆ. ಚಿಕ್ಕದಾದ ಯುರೋಪಿಯಂ ನಡುವೆ ನಿಲ್ಲಲಾರದೆ ಕೇಂದ್ರದಿಂದ ಸುಮಾರು 0.4 ಆಂಗ್‌ಸ್ಟ್ರಮ್ ದೂರದಲ್ಲಿರುವ ನಾಲ್ಕು ತಾಣಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಿರುತ್ತದೆ. ಅತಿಶೀತದಲ್ಲಿ ಜಿಗಿಯಲು ಬೇಕಾದ ಉಷ್ಣಶಕ್ತಿ ಇಲ್ಲದಿರುವಾಗಲೂ, ಕ್ವಾಂಟಮ್ ನಿಯಮಕ್ಕನುಸಾರವಾಗಿ ನಡುವಣ ತಡೆಯನ್ನು ಕೊರೆದು ದಾಟುತ್ತದೆ. ಸ್ಟ್ರಾನ್ಷಿಯಂ ಇವೆರಡರ ನಡುವಣದು. ಯುರೋಪಿಯಂ, ಸ್ಟ್ರಾನ್ಷಿಯಂಗಳ ಸ್ಫಟಿಕಗಳು ಗಾಜಿನ ಲಕ್ಷಣವನ್ನು ತೋರಿದುವು. ಬೇರಿಯಂ ಸ್ಫಟಿಕದ ವಾಹಕತೆಯು ಸಾಮಾನ್ಯ ತಾಪದಲ್ಲಿ ಅಷ್ಟೇ ಕಡಿಮೆಯಾಗಿದ್ದರೂ, ಅತಿಶೀತದಲ್ಲಿ ಸ್ಫಟಿಕಕ್ಕೆ ತಕ್ಕಂತೆ ಶಿಖರವೊಂದನ್ನು ತೋರಿತು. ಆದುದರಿಂದ ಕೆಳತಾಪದ ಗಾಜಿನ ಗುಣಕ್ಕೆ ಅತಿಥಿಯ ಕೇಂದ್ರಚ್ಯುತಿಯೇ ಕಾರಣವೆಂದು ತೋರಿತು.

ಈ ಕಾಲದಲ್ಲಿ ಎಲ್ಲರ ಮನಸ್ಸಿನಲ್ಲಿದ್ದ ಚಿತ್ರವು ಮಗುವಿನ ಗಿಲಕಿಯದು: ಬುರುಡೆಯೊಳಗಿನ ಕಾಳು ಬುರುಡೆಯ ಹಂಗಿಲ್ಲದೆ ತನ್ನಷ್ಟಕ್ಕೆ ಗಲಗಲಿಸುವಂತೆ, ಅತಿಥಿಯೂ ಜಾಲಕದ ಹಂಗಿಲ್ಲದೆ ಕಂಪಿಸುತ್ತ, ಹಾದುಹೋಗುವ ತರಂಗಗಳನ್ನು ಹೊಡೆದು ಚದರಿಸುತ್ತದೆ. 1998ರಲ್ಲಿ ಕೆಪ್ಪೆನ್ಸ್ ಮತ್ತಿತರರು ಲ್ಯಾಂಥನಮ್ ತುಂಬಿದ ಸ್ಕುಟರುಡೈಟಿನಲ್ಲಿ ಸ್ಥಾನಿಕ ಕಂಪನಗಳನ್ನು ಗುರುತಿಸಿದಾಗ ಚಿತ್ರವು ಪೂರ್ಣವಾಯಿತೆಂದೇ ತೋರಿತು. ಆದರೆ 2004ರಲ್ಲಿ ಬೆಂಟಿಯನ್ ಮತ್ತು ಸಂಗಡಿಗರು ಬೇರಿಯಂ ಕ್ಲಾಥ್ರೇಟಿನಲ್ಲಿ ಅತಿಥಿಯನ್ನಾಗಲಿ ಪಂಜರದ ಬಗೆಯನ್ನಾಗಲಿ ಬದಲಿಸದೆ, ವಿದ್ಯುತ್ತನ್ನು ಹೊರುವ ಆವೇಶವಾಹಕಗಳನ್ನು ಋಣದಿಂದ ಧನಕ್ಕೆ ತಿರುಗಿಸಿದೊಡನೆ, ಸ್ಫಟಿಕದಂತಿದ್ದ ವಾಹಕತೆಯು ಗಾಜಿನಂತಾಯಿತೆಂದು ವರದಿಮಾಡಿದರು. ಬೇರಿಯಮ್ಮಿನ ಓಲಾಟವೊಂದೇ ಎಲ್ಲಕ್ಕೂ ಕಾರಣವಾಗಿದ್ದರೆ ಹೀಗಾಗಬಾರದಾಗಿದ್ದಿತು. ಜಪಾನಿನ ಟಕಬಾಟಕೆಯವರ ಗುಂಪು ಈ ಸೂಕ್ಷ್ಮವನ್ನು ವರ್ಷಾನುಗಟ್ಟಲೆ ಬೆನ್ನಟ್ಟಿ, 2014ರಲ್ಲಿ ವಿಸ್ತಾರವಾದ ಸಮೀಕ್ಷೆಯೊಂದನ್ನು ಪ್ರಕಟಿಸಿತು.

2008ನೆಯ ವರ್ಷವು ನಿರ್ಣಾಯಕವಾದುದು. ಗ್ರೆನೋಬಲ್ಲಿನ ಕೋಜ ಮತ್ತು ಸಂಗಡಿಗರು ತುಂಬಿದ ಸ್ಕುಟರುಡೈಟುಗಳ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿ, ಲ್ಯಾಂಥನಮ್ಮೂ ಸೀರಿಯಮ್ಮೂ ಒಂಟಿಯಾಗಿ ಓಲಾಡುತ್ತಿಲ್ಲ, ಆತಿಥೇಯ ಜಾಲಕದೊಡನೆ ಸುಸಂಬದ್ಧವಾಗಿ ಕಂಪಿಸುತ್ತಿವೆಯೆಂದು ತೋರಿಸಿದರು. ಅದೇ ವರ್ಷ ಡೆನ್ಮಾರ್ಕಿನ ಕ್ರಿಸ್ಟೆನ್‌ಸನ್, ಐವರ್ಸನ್ ಮೊದಲಾದವರು ಬೇರಿಯಂ ಕ್ಲಾಥ್ರೇಟಿನ ಒಂಟಿ ಸ್ಫಟಿಕದಲ್ಲಿ ತರಂಗಗಳ ಆವೃತ್ತಿಯನ್ನು ಬಿಂದುಬಿಂದುವಾಗಿ ಅಳೆದರು. ಅಲೆಯುದ್ದ ಕಿರಿದಾದಂತೆ ಶಬ್ದತರಂಗದ ಆವೃತ್ತಿಯು ನೇರವಾಗಿ ಏರುತ್ತ ಬಂದು ಬೇರಿಯಮ್ಮಿನ ಕಂಪನದ ಮಟ್ಟವನ್ನು ಸಮೀಪಿಸುತ್ತದೆ. ಇವೆರಡಕ್ಕೂ ಸಂಬಂಧವಿಲ್ಲದಿದ್ದರೆ ಶಬ್ದತರಂಗವು ಅದನ್ನು ಅಡ್ಡಹಾಯ್ದು ಮೇಲೇರಬೇಕು. ಆದರೆ ಅಲ್ಲಿ ಅವು ಒಂದನ್ನೊಂದು ಅಡ್ಡಹಾಯದೆ ವಿಮುಖವಾಗಿ ಬಾಗುತ್ತವೆ, ಅತಿಥಿಯ ಚಲನೆಯೂ ಜಾಲಕದ ಚಲನೆಯೂ ಅಲ್ಲಿ ಬೆರೆತುಹೋಗುತ್ತವೆ. ಬಾಗಿ ಮಟ್ಟಸವಾದ ತರಂಗಕ್ಕೆ ವೇಗವೇ ಇಲ್ಲದಂತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಗಿಲಕಿಯ ಚಿತ್ರವು ನಿಜವಾಗಿದ್ದಲ್ಲಿ ಈ ತರಂಗಗಳು ಅತಿಶೀಘ್ರವಾಗಿ ನಶಿಸಬೇಕಾಗಿದ್ದಿತು. ಅಳೆದ ಆಯುಸ್ಸು ನಿರೀಕ್ಷೆಗಿಂತ ದೀರ್ಘವಾಗಿದ್ದಿತು. ಉಷ್ಣವು ನಿಧಾನಿಸಲು ಕಾರಣ ಚದರಿಕೆಗಿಂತ ಹೆಚ್ಚಾಗಿ ವೇಗದ ಹಾನಿಯೇ ಇರಬೇಕೆಂದು ಅವರು ತೀರ್ಮಾನಿಸಿದರು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತ್ಯುತ್ಕೃಷ್ಟ ಪ್ರಯೋಗ ಇದೇ. ತರಂಗವು ಬಾಗುವ ಆ ಸ್ಥಳವನ್ನು ಕಂಡ ಮೇಲೆ, ಅತಿಥಿಯನ್ನು ಹೊರಗಿನವನೆಂದು ಎಣಿಸುವುದು ಸಾಧ್ಯವಿಲ್ಲ.

ಗಣಕಯಂತ್ರದ ಲೆಕ್ಕಾಚಾರಗಳು ಬಲಿತಂತೆ ಈ ತೀರ್ಮಾನಕ್ಕೂ ತಿದ್ದುಪಡಿ ಬಂದಿತು. 2015ರಲ್ಲಿ ಟೋಕಿಯೋದ ಟಡಾನೊ, ಗೋಡಾ ಮತ್ತು ಟ್ಸುನೆಯುಕಿ, ಯಾವ ಅಳತೆಯನ್ನೂ ಎರವಲು ಪಡೆಯದೆ ಮೂಲತತ್ತ್ವಗಳಿಂದಲೇ ಬೇರಿಯಂ ಕ್ಲಾಥ್ರೇಟಿನ ವಾಹಕತೆಯನ್ನು ಗಣಿಸಿ, ಅತಿಥಿಯನ್ನು ಸೇರಿಸಿದಾಗ ಮುಖ್ಯವಾಗಿ ಕುಗ್ಗುವುದು ವೇಗವಲ್ಲ, ತರಂಗಗಳ ಆಯುಸ್ಸೇ ಎಂದೂ, ಅದೂ ಅನುರಣನದ ಒಂದು ಆವೃತ್ತಿಯಲ್ಲಿ ಮಾತ್ರವಲ್ಲದೆ ವಿಶಾಲವಾದ ಶ್ರೇಣಿಯಲ್ಲೆಲ್ಲ ಕುಗ್ಗುತ್ತದೆಂದೂ ಹೇಳಿದರು. ಅತಿಥಿಯು ತಗ್ಗಿನ ಆವೃತ್ತಿಯಲ್ಲಿ ಹೊಸ ಕಂಪನಗಳನ್ನು ಒದಗಿಸುವುದರಿಂದ, ಮೂರು ಮೂರು ಫೋನಾನ್‌ಗಳು ಸಂಧಿಸಿ ಶಕ್ತಿಯನ್ನು ಹಂಚಿಕೊಳ್ಳುವ ದಾರಿಗಳು ಹೇರಳವಾಗುತ್ತವೆಂಬುದು ಅವರ ವಿವರಣೆ. ಇದಾದ ಎರಡು ವರ್ಷಕ್ಕೆ ಲೋರಿ ಮತ್ತು ಸಂಗಡಿಗರು ಬೇರಿಯಂ-ಜರ್ಮೇನಿಯಂ-ಚಿನ್ನದ ಕ್ಲಾಥ್ರೇಟಿನಲ್ಲಿ ಒಂದೊಂದು ತರಂಗದ ಆಯುಸ್ಸನ್ನೂ ಪ್ರತ್ಯೇಕವಾಗಿ ಅಳೆದು, ಶಬ್ದತರಂಗಗಳು ಚದರುವ ಮುನ್ನ 10ರಿಂದ 100 ನ್ಯಾನೋಮೀಟರುಗಳಷ್ಟು ದೂರ, ಎಂದರೆ ಹತ್ತಾರು ಕೋಶಗಳನ್ನು ದಾಟಿ ಸಾಗುತ್ತವೆಂದು ಕಂಡರು. ಇದು ಗಾಜಿನ ಲಕ್ಷಣವಲ್ಲ. ಉಷ್ಣವನ್ನು ಚೆನ್ನಾಗಿ ಹೊರಬಲ್ಲ ತರಂಗಗಳು ದೀರ್ಘಾಯುಗಳೇ. ಆದರೆ ಅತಿಥಿಯ ಮಟ್ಟವು ಅವುಗಳಿಗೆ ಮೇಲಿನಿಂದ ಚಾವಣಿ ಹಾಕಿರುವುದರಿಂದ ಅವುಗಳ ಸಂಖ್ಯೆಯೇ ಅಲ್ಪ. ಆಯುಸ್ಸೋ, ವೇಗವೋ, ಸಂಖ್ಯೆಯೋ ಎಂಬ ಪ್ರಶ್ನೆಗೆ ವಸ್ತುವಿನಿಂದ ವಸ್ತುವಿಗೆ, ತಾಪದಿಂದ ತಾಪಕ್ಕೆ ಉತ್ತರವು ಬದಲಾಗುತ್ತದೆಂದು ಒಪ್ಪುವುದೇ ಈಗಿನ ಸ್ಥಿತಿಯಲ್ಲಿ ನ್ಯಾಯವೆಂದು ತೋರುತ್ತದೆ. ಮೂರು ಮಾರ್ಗಗಳಿಗೂ ಸಮಾನವಾದ ಸಂಗತಿಯೊಂದುಂಟು: ಅತಿಥಿಯು ಉಷ್ಣವನ್ನು ತಡೆಯುವುದು ಜಾಲಕದಿಂದ ದೂರ ನಿಂತಲ್ಲ, ಅದರ ಚಲನೆಯಲ್ಲಿ ಪಾಲುಗೊಂಡು.

2019ರಲ್ಲಿ ಸಿಮೊಂಚೆಲ್ಲಿ, ಮಾರ್ಜಾರಿ ಮತ್ತು ಮೌರಿ ಮಂಡಿಸಿದ ಸಿದ್ಧಾಂತವು ಪೈಯರ್ಲ್ಸರ ಸ್ಫಟಿಕವನ್ನೂ ಗಾಜನ್ನೂ ಒಂದೇ ಸಮೀಕರಣದೊಳಕ್ಕೆ ತಂದಿದೆ. ಅದರಲ್ಲಿ ಫೋನಾನ್ ಕಣದಂತೆ ಸಾಗಿ ಹೊರುವ ಉಷ್ಣವೊಂದು ಪಾಲು. ಆವೃತ್ತಿಯಲ್ಲಿ ಸಮೀಪವಾಗಿರುವ ಎರಡು ಕಂಪನಗಳು ತರಂಗಸ್ವಭಾವದಿಂದ ಒಂದರೊಳಗೊಂದು ನುಸುಳಿ ದಾಟಿಸುವ ಉಷ್ಣವು ಇನ್ನೊಂದು ಪಾಲು. ಒಂದು ಕೋಶದಲ್ಲಿ 54 ಪರಮಾಣುಗಳಿದ್ದು ನೂರಾರು ಕಂಪನಗಳು ಒತ್ತೊತ್ತಾಗಿ ಸೇರಿರುವ ಕ್ಲಾಥ್ರೇಟುಗಳಂತಹ ಸ್ಫಟಿಕಗಳಲ್ಲಿ ಎರಡನೆಯ ಪಾಲು ಅಲಕ್ಷ್ಯಕ್ಕೆ ಅರ್ಹವಾದುದಲ್ಲ. ಹೀಗೆ ಐನ್‌ಸ್ಟೈನರ ಚಿತ್ರವೂ ಡಿಬೈಯವರ ಚಿತ್ರವೂ ಪರಸ್ಪರ ವಿರೋಧವನ್ನು ಬಿಟ್ಟು ಒಂದೇ ಸೂತ್ರದ ಎರಡು ಕೊನೆಗಳಾಗಿವೆ.

ಪಂಜರವೆಂಬುದು ಎಲ್ಲ ಕಡೆಯೂ ಮುಚ್ಚಿದ ಬಹುಮುಖಿಯೇ ಆಗಿರಬೇಕೆಂಬ ನಿರ್ಬಂಧವೂ ಈಚೆಗೆ ಸಡಿಲಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕನಿಷ್ಕ ಬಿಸ್ವಾಸ್, ಉಮೇಶ್ ವಾಘ್ಮಾರೆ ಮತ್ತು ಸಂಗಡಿಗರು 2017ರಲ್ಲಿ ಥ್ಯಾಲಿಯಂ-ಇಂಡಿಯಂ-ಟೆಲ್ಯುರಿಯಂ ಸಂಯುಕ್ತವೊಂದನ್ನು ಪರೀಕ್ಷಿಸಿದರು. ಅದರಲ್ಲಿ ಇಂಡಿಯಂ ಮತ್ತು ಟೆಲ್ಯುರಿಯಂಗಳು ಬಿಗಿಯಾಗಿ ಬಂಧಿತವಾದ ಸರಪಳಿಗಳಾಗಿ ನಿಂತಿವೆ. ಸರಪಳಿಗಳ ನಡುವೆ ಟೆಲ್ಯುರಿಯಂ ಪರಮಾಣುಗಳು ಸುತ್ತುವರಿದ ಅವಕಾಶದಲ್ಲಿ ಥ್ಯಾಲಿಯಂ ಅಯಾನುಗಳು, ಬಂಧದಲ್ಲಿ ಪಾಲ್ಗೊಳ್ಳದ ತಮ್ಮ ಇಲೆಕ್ಟ್ರಾನ್ ಜೋಡಿಯ ಒತ್ತಾಯದಿಂದ ವಿಶಾಲವಾದ ಸ್ಥಳವನ್ನು ಬೇಡುತ್ತ, ಸರಪಳಿಯ ಉದ್ದಕ್ಕೆ ಸಮಾನಾಂತರವಾಗಿ ಓಲಾಡುತ್ತವೆ. ಇಲ್ಲಿ ಅತಿಥಿಯನ್ನು ಹೊರಗಿನಿಂದ ತುಂಬಿದುದಲ್ಲ. ಅದು ಸಂಯುಕ್ತದ ಅವಿಭಾಜ್ಯ ಅಂಗವೇ. ಸಾಮಾನ್ಯ ತಾಪದಲ್ಲಿ ಇದರ ಜಾಲಕವಾಹಕತೆ ಸುಮಾರು ಅರ್ಧ ವಾಟ್ ಮಾತ್ರ, ಎಂದರೆ ಹೈಡ್ರೇಟುಗಳ ಮಟ್ಟದ್ದೇ. ಥ್ಯಾಲಿಯಮ್ಮಿನ ತಗ್ಗಿದ ಆವೃತ್ತಿಯ ಕಂಪನಗಳು ಶಬ್ದತರಂಗಗಳೊಡನೆ ಬೆರೆಯುತ್ತವೆಂದು ಲೆಕ್ಕಾಚಾರಗಳು ಹೇಳುತ್ತವೆ. ಬೇರಿಯಂ ಕ್ಲಾಥ್ರೇಟಿನಲ್ಲಿ ಮಾಡಿದಂತೆ ಆ ಬೆರಕೆಯನ್ನು ತರಂಗದಿಂದ ತರಂಗಕ್ಕೆ ಅಳೆದು, ಕುಗ್ಗಿದುದರಲ್ಲಿ ವೇಗದ ಪಾಲೆಷ್ಟು, ಆಯುಸ್ಸಿನ ಪಾಲೆಷ್ಟೆಂದು ಬೇರ್ಪಡಿಸಬೇಕಾದರೆ, ನ್ಯೂಟ್ರಾನುಗಳ ಕಿರಣಕ್ಕೆ ಒಡ್ಡುವಷ್ಟು ದೊಡ್ಡದಾದ, ದೋಷರಹಿತವಾದ ಒಂಟಿ ಸ್ಫಟಿಕಗಳು ಬೇಕು; ಕುಲುಮೆಯ ಮುಂದೆ ಕುಳಿತು, ತಾಪವನ್ನು ಅತಿ ನಿಧಾನವಾಗಿ ಇಳಿಸುತ್ತ ಅವುಗಳನ್ನು ಬೆಳೆಸುವ ತಾಳ್ಮೆಯ ಕೆಲಸದ ಮೇಲೆಯೇ ಈ ಶಾಸ್ತ್ರದ ಮುಂದಿನ ಹೆಜ್ಜೆಗಳು ನಿಂತಿವೆ.